ಟೂಮ್‌ಸ್ಟೋನ್ ಸುತ್ತಮುತ್ತ: ಯಾವುದು ನೋಡಬೇಕು, ಯಾವುದು ಬಿಡಬಹುದು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಕಡೆ ಇರುವ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಗ್ರ್ಯಾಂಡ್ ಕ್ಯಾನ್ಯನ್, ಆಮೇಲೆ ಸೆಡೋನಾ. ಅವೆರಡೂ ಮುಗಿದ ಮೇಲೆ ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ "ಇಲ್ಲಿ ಇನ್ನೇನಿದೆ?" ಅನ್ನುವ ಪ್ರಶ್ನೆ ಬರುತ್ತದೆ. ಆಗ ಯಾರೋ ಒಬ್ಬರು ಟೂಮ್‌ಸ್ಟೋನ್ ಹೆಸರು ತೆಗೆಯುತ್ತಾರೆ. ಕೌಬಾಯ್ ಊರು, ಗುಂಡಿನ ಕಾಳಗ, ಕುದುರೆ ಗಾಡಿ. ಮಕ್ಕಳಂತೂ ಕುಣಿಯುತ್ತಾರೆ.

ನಾನು ಇದುವರೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಮಾಡಬಾರದ್ದನ್ನೇ ಮಾಡಿದೆ. ಇಡೀ ದಿನ ಟೂಮ್‌ಸ್ಟೋನ್‌ನಲ್ಲೇ ಕಳೆದು, ಅಲ್ಲಿಂದ 38 ಕಿಲೋಮೀಟರ್ ಆಚೆಗಿರುವ ಬಿಸ್ಬಿ ಊರಿಗೆ ಸಂಜೆ ಐದಕ್ಕೆ ತಲುಪಿದೆವು. ಗಣಿಯ ಟೂರ್ ಆಗಲೇ ಮುಗಿದಿತ್ತು. ಅಪ್ಪ ಗೇಟಿನ ಮುಂದೆ ನಿಂತು, "ಇಷ್ಟು ದೂರ ಬಂದಿದ್ದು ಟೋಪಿ ಕೊಳ್ಳೋಕಾ?" ಅಂದರು. ಅವರ ಕೈಯಲ್ಲಿ ಟೋಪಿ ಇತ್ತು ಅನ್ನುವುದು ಬೇರೆ ಮಾತು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿನ ಇದ್ದರೆ ಟೂಮ್‌ಸ್ಟೋನ್‌ಗೆ ಎರಡು, ಹೆಚ್ಚೆಂದರೆ ಮೂರು ಗಂಟೆ ಸಾಕು. ಅರ್ಧ ದಿನ ಬಿಸ್ಬಿಗೆ ಕೊಡಿ. ಉಳಿದದ್ದೆಲ್ಲ ಕಾರಿನಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ.

ಫೀನಿಕ್ಸ್‌ನಿಂದ ಟೂಮ್‌ಸ್ಟೋನ್ ಸುಮಾರು 290 ಕಿಲೋಮೀಟರ್, ಮೂರು ಗಂಟೆಯ ದಾರಿ. ಟೂಸಾನ್‌ನಿಂದ ಒಂದು ಗಂಟೆ ಚಿಲ್ಲರೆ. ಬೆನ್ಸನ್ ಊರಲ್ಲಿ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಬೇಕು.

ಬೆಳ್ಳಿಯವರು, ದನದವರು

ಊರಿನ ಕತೆ ಸ್ವಲ್ಪ ಗೊತ್ತಿದ್ದರೆ ಏನು ನೋಡಬೇಕು ಅನ್ನುವುದು ಸುಲಭವಾಗುತ್ತದೆ. 1877ರಲ್ಲಿ ಎಡ್ ಷೆಫ್ಲಿನ್ ಅನ್ನುವವನು ಈ ಗುಡ್ಡಗಳಲ್ಲಿ ಅದಿರು ಹುಡುಕುತ್ತಾ ಒಬ್ಬನೇ ತಿರುಗುತ್ತಿದ್ದ. ಅಪಾಚೆ ಅನ್ನುವ ಮೂಲನಿವಾಸಿಗಳ ಸೀಮೆ ಅದು. ಹತ್ತಿರದ ವಾಚೂಕಾ ಸೇನಾ ಶಿಬಿರದ ಸೈನಿಕರು, ಅಲ್ಲಿ ನಿನಗೆ ಸಿಗುವ ಕಲ್ಲು ಒಂದೇ, ನಿನ್ನ ಗೋರಿಕಲ್ಲು ಅಂತ ಗೇಲಿ ಮಾಡಿದರಂತೆ. ಅವನಿಗೆ ಬೆಳ್ಳಿ ಸಿಕ್ಕಿತು. ತನ್ನ ಮೊದಲ ಗಣಿಗೆ ಟೂಮ್‌ಸ್ಟೋನ್, ಅಂದರೆ ಗೋರಿಕಲ್ಲು ಅಂತಲೇ ಹೆಸರಿಟ್ಟ. 1879ರಲ್ಲಿ ಊರು ಎದ್ದಾಗ ಅದಕ್ಕೂ ಅದೇ ಹೆಸರು. ಅಲ್ಲಿನ ಪತ್ರಿಕೆಯ ಹೆಸರು ಎಪಿಟಾಫ್, ಅಂದರೆ ಗೋರಿಯ ಮೇಲಿನ ಬರಹ. 1880ರಲ್ಲಿ ಶುರುವಾದದ್ದು. ಊರಿನವರ ಕುಹಕಕ್ಕೆ ಕೊರತೆಯೇನೂ ಇರಲಿಲ್ಲ.

ಬೆಳ್ಳಿ ತೆಗೆಯುವವರಿಗೆ ಊಟ ಬೇಕಲ್ಲ? ಸುತ್ತಲಿನ ಹುಲ್ಲುಗಾವಲಿನಲ್ಲಿ ದನ ಸಾಕುವವರು ನೆಲೆಯೂರಿದರು. ಅವರ ನಡುವೆಯೇ ಗಡಿ ದಾಟಿ ಮೆಕ್ಸಿಕೋದಿಂದ ದನ ಕದ್ದು ತಂದು ಮಾರುವ ಗುಂಪೂ ಬೆಳೆಯಿತು. ಒಂದು ತಮಾಷೆ ಗೊತ್ತಾ? ಆ ಕಾಲಕ್ಕೆ ಈ ಕೌಂಟಿಯಲ್ಲಿ ‘ಕೌಬಾಯ್’ ಅನ್ನುವುದು ಬೈಗುಳ. ಮರ್ಯಾದಸ್ಥ ದನಗಾರರು ತಮ್ಮನ್ನು ‘ರ‍್ಯಾಂಚರ್’ ಅಂತ ಕರೆದುಕೊಳ್ಳುತ್ತಿದ್ದರು. ಈಗ ಅದೇ ಬೈಗುಳವನ್ನು ಟಿ-ಶರ್ಟ್ ಮೇಲೆ ಅಚ್ಚು ಹಾಕಿ ಮಾರುತ್ತಾರೆ.

ಊರೊಳಗೆ ಬಂದೂಕು ಹಿಡಿದು ತಿರುಗಬಾರದು ಅನ್ನುವ ಕಾನೂನಿತ್ತು. 1881ರ ಅಕ್ಟೋಬರ್ 26ರ ಮಧ್ಯಾಹ್ನ ಅದನ್ನು ಜಾರಿ ಮಾಡಲು ಹೋದವರು ವರ್ಜಿಲ್, ವಯಟ್, ಮಾರ್ಗನ್ ಅನ್ನುವ ಅರ್ಪ್ ಸಹೋದರರು, ಜೊತೆಗೆ ವಯಟ್‌ನ ಗೆಳೆಯ ಡಾಕ್ ಹಾಲಿಡೇ. ಎದುರಿಗೆ ದನದ ಕಡೆಯ ಕ್ಲಾಂಟನ್ ಮತ್ತು ಮೆಕ್ಲೌರಿ ಮನೆತನದವರು. ಅರ್ಧ ನಿಮಿಷ, ಸುಮಾರು ಮೂವತ್ತು ಗುಂಡು, ಮೂರು ಹೆಣ. ಅಷ್ಟೇ. ಆ ಅರ್ಧ ನಿಮಿಷದ ಮೇಲೆ ಇಡೀ ಊರು ಇವತ್ತಿಗೂ ಜೀವನ ಮಾಡುತ್ತಿದೆ.

ಗುಂಡಿನಾಟವೋ, ಹಳೇ ಕೋರ್ಟೋ?

ಆಲನ್ ಸ್ಟ್ರೀಟ್‌ನಲ್ಲಿ ಮರದ ಹಲಗೆಯ ಕಾಲುದಾರಿ, ಎರಡೂ ಬದಿ ಅಂಗಡಿ. ಓಕೆ ಕೊರಾಲ್‌ನಲ್ಲಿ ಕಾಳಗವನ್ನು ನಾಟಕ ಮಾಡಿ ತೋರಿಸುತ್ತಾರೆ. ‘ಕೊರಾಲ್’ ಅಂದರೆ ಕುದುರೆ, ದನ ಕಟ್ಟುವ ಲಾಯ. ಅಸಲಿ ಕಾಳಗ ನಡೆದದ್ದು ಲಾಯದ ಒಳಗಲ್ಲ. ಅದರ ಹಿಂಬಾಗಿಲಿಗಿಂತ ಆಚೆ, ಒಂದು ಫೋಟೋ ಸ್ಟುಡಿಯೋ ಪಕ್ಕದ ಕಿಷ್ಕಿಂಧೆಯಂಥ ಖಾಲಿ ಜಾಗದಲ್ಲಿ. ಆ ಅಗಲ ನೋಡಿದರೆ ನಮ್ಮ ಕಡೆ ಎರಡು ಮನೆ ನಡುವಿನ ಸಂದಿ ನೆನಪಾಗುತ್ತದೆ. ಇಷ್ಟು ಹತ್ತಿರದಿಂದ ಮೂವತ್ತು ಗುಂಡು ಹಾರಿಸಿದರೂ ವಯಟ್ ಅರ್ಪ್‌ಗೆ ಒಂದು ಗೀರೂ ಬೀಳಲಿಲ್ಲ.

ನಾಟಕ ಎಂಟು ಹತ್ತು ವರ್ಷದ ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ. ಶಬ್ದಕ್ಕೆ ಹೆದರುವ ಪುಟಾಣಿಗಳಿದ್ದರೆ ಬೇಡ. ಅಜ್ಜಿ ತಾತನಿಗೆ ಇಂಗ್ಲಿಷ್ ಉಚ್ಚಾರ ಅರ್ಥವಾಗದೆ, ಬಿಸಿಲಲ್ಲಿ ಕೂತು, "ಯಾರು ಯಾಕೆ ಸತ್ತರು?" ಅಂತ ನಿಮ್ಮನ್ನೇ ಕೇಳುತ್ತಾರೆ.

ನನ್ನನ್ನು ಕೇಳಿದರೆ ದುಡ್ಡು ಕೊಟ್ಟು ಒಂದೇ ಒಂದು ಕಡೆ ಒಳಗೆ ಹೋಗುವುದಾದರೆ ಹಳೇ ಕೋರ್ಟಿಗೆ ಹೋಗಿ. 1882ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ, ಶಿಲುಬೆಯಾಕಾರ. 1929ರಲ್ಲಿ ಜಿಲ್ಲಾ ಕೇಂದ್ರವನ್ನು ಬಿಸ್ಬಿಗೆ ಎತ್ತಿಕೊಂಡು ಹೋಗಲು ಜನ ಮತ ಹಾಕಿದರು. ಅದಾದ ಮೇಲೆ ಇದು ಅನಾಥವಾಯಿತು. ಈಗ ರಾಜ್ಯದ ಮ್ಯೂಸಿಯಂ. ಕಾಳಗದಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನುವುದಕ್ಕೆ ಒಂದಲ್ಲ, ಎರಡು ಬೇರೆ ಬೇರೆ ಕತೆಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ. ಹೊರಗೆ ಮಾರುವುದು ಒಂದೇ ಕತೆಯನ್ನು. ಹಿತ್ತಲಿನಲ್ಲಿ ನೇಣುಗಂಬವಿದೆ, ಅಚ್ಚುಕಟ್ಟಾಗಿ, ಹಗ್ಗದ ಸಮೇತ. ತಣ್ಣಗಿನ ಕಟ್ಟಡ, ಗದ್ದಲವಿಲ್ಲ, ಕೂರಲು ಜಾಗವಿದೆ. ವಯಸ್ಸಾದವರಿಗೆ ಇದಕ್ಕಿಂತ ಇನ್ನೇನು ಬೇಕು?

ಬರ್ಡ್ ಕೇಜ್ ಥಿಯೇಟರ್ ಬಗ್ಗೆಯೂ ಜನ ಕೇಳುತ್ತಾರೆ. 1881ರ ಕೊನೆಗೆ ಬಾಗಿಲು ತೆರೆದ ನಾಟಕಶಾಲೆ, ಹೆಂಡದಂಗಡಿ, ಜೂಜುಕಟ್ಟೆ, ಇನ್ನೂ ಒಂದು ವ್ಯವಹಾರ. ಊರು ಸೊರಗಿದಾಗ ಬೀಗ ಹಾಕಿ ಹೋದರು. ಎಷ್ಟೋ ವರ್ಷಗಳ ಮೇಲೆ ತೆಗೆದಾಗ ಸಾಮಾನು ಹಾಗೇ ಇತ್ತಂತೆ. ಗೋಡೆಯಲ್ಲಿ ಗುಂಡಿನ ತೂತು, ಧೂಳು ಹಿಡಿದ ಪರದೆ. ಇಡೀ ರಸ್ತೆಯಲ್ಲಿ ಬಣ್ಣ ಬಳಿದು ಹೊಸದಾಗಿ ಕಾಣದ ಜಾಗ ಅಂದರೆ ಇದೊಂದೇ ಅನ್ನಿಸಿತು. ಆದರೆ ಮಕ್ಕಳು "ಮೇಲೆ ಪರದೆ ಹಾಕಿರೋ ಸಣ್ಣ ಬಾಲ್ಕನಿ ಯಾಕೆ?" ಅಂತ ಕೇಳಿದರೆ ಉತ್ತರ ರೆಡಿ ಇಟ್ಟುಕೊಳ್ಳಿ.

ಎರಡು ಗೋರಿ, ಒಂದು ಗುಲಾಬಿ

ಊರಿನ ಬಾಗಿಲಲ್ಲೇ ಬೂಟ್‌ಹಿಲ್ ಸ್ಮಶಾನ. ಅಂಗಡಿಯ ಮೂಲಕ ಒಳಗೆ ಹೋಗಬೇಕು. ಕಲ್ಲು ರಾಶಿ, ಪಕ್ಕದಲ್ಲಿ ಮರದ ಫಲಕ. ಕಾಳಗದಲ್ಲಿ ಸತ್ತ ಮೂವರೂ ಇಲ್ಲೇ ಇದ್ದಾರೆ. ತಪ್ಪಾಗಿ ನೇಣು ಹಾಕಿದೆವು ಅಂತ ಒಪ್ಪಿಕೊಳ್ಳುವ ಫಲಕವೂ ಒಂದಿದೆ. ಫಲಕಗಳಲ್ಲಿ ಹೆಚ್ಚಿನವು ಆಮೇಲೆ ನೆಟ್ಟವು. ಅರ್ಧ ಗಂಟೆ ಸಾಕು. ಅಪ್ಪ ಮಾತ್ರ ಇಲ್ಲಿ ಜಾಸ್ತಿ ಹೊತ್ತು ನಿಂತರು. ನಮ್ಮೂರಲ್ಲಿ ಕೆರೆ ಏರಿ ಮೇಲಿರುವ ವೀರಗಲ್ಲು ನೆನಪಾಯಿತಂತೆ. ತುರುಗಳ್ಳರ ಜೊತೆ ಹೊಡೆದಾಡಿ ದನ ಬಿಡಿಸಿ ಸತ್ತವನ ಕಲ್ಲು. "ನಮ್ಮಲ್ಲಿ ದನ ಬಿಡಿಸಿದವನಿಗೆ ಕಲ್ಲು, ಇಲ್ಲಿ ದನ ಕದ್ದವನಿಗೂ ಕಲ್ಲು" ಅಂದರು.

ಬೂಟ್‌ಹಿಲ್‌ನ ಗಿಜಿಗಿಜಿ ಬೇಡ ಅನ್ನುವವರಿಗೆ ಷೆಫ್ಲಿನ್ ಸಮಾಧಿ ಇದೆ. ಊರಿಂದ ಪಶ್ಚಿಮಕ್ಕೆ ಸುಮಾರು ಮೂರು ಮೈಲಿ ಒಳಗೆ, ಕುರುಚಲು ಗುಡ್ಡದ ಮೇಲೆ. ಬಂಡೆಗಳನ್ನು ಪೇರಿಸಿ ಕಟ್ಟಿದ, ಎರಡಾಳಿಗಿಂತ ಎತ್ತರದ ಗೋಪುರ. 1897ರಲ್ಲಿ ತೀರಿಕೊಂಡಾಗ ತನ್ನ ಇಚ್ಛೆಯಂತೆ ಗಣಿಗಾರನ ಬಟ್ಟೆಯಲ್ಲೇ, ಗುದ್ದಲಿ ಮತ್ತು ನೀರಿನ ಡಬ್ಬಿ ಜೊತೆಗೆ ಅವನನ್ನು ಮಣ್ಣು ಮಾಡಿದರು. ನಾವು ಹೋದಾಗ ಒಂದು ನರಪಿಳ್ಳೆಯೂ ಇರಲಿಲ್ಲ. ಟಿಕೆಟ್ಟೂ ಇಲ್ಲ.

ಇನ್ನು ಗುಲಾಬಿ ಗಿಡ. 1885ರಲ್ಲಿ ಸ್ಕಾಟ್ಲೆಂಡ್‌ನಿಂದ ಬಂದ ಒಂದು ಕಡ್ಡಿ ಈಗ ಚಪ್ಪರದ ಮೇಲೆ 8,000 ಚದರ ಅಡಿಗೂ ಮೀರಿ ಹಬ್ಬಿದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಆರೇಳು ಮೂವತ್ತು-ನಲವತ್ತು ಸೈಟು. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಪುಟ್ಟ ಬಿಳಿ ಹೂವು. ಆಗ ಹೋದರೆ ತಪ್ಪಿಸಬೇಡಿ. ಉಳಿದ ತಿಂಗಳಲ್ಲಿ ಅದು ಬರೀ ದೊಡ್ಡ ಬಳ್ಳಿ, ಸುಮ್ನೆ ದುಡ್ಡು ದಂಡ.

ಗಣಿಗೆ ಇಳಿಯುವುದಾದರೆ ಬಿಸ್ಬಿ

ಟೂಮ್‌ಸ್ಟೋನ್‌ನಲ್ಲೇ ಗುಡ್ ಎನಫ್ ಅನ್ನುವ ಬೆಳ್ಳಿ ಗಣಿ ಇದೆ. ನಡೆದುಕೊಂಡು, ಮೆಟ್ಟಿಲು ಇಳಿದು ನೋಡಬಹುದು. ಕಡಿಮೆ ಜನ, ಕಡಿಮೆ ಹೊತ್ತು. ಹೆಸರಿಗೆ ತಕ್ಕ ಹಾಗೆ, ಪರವಾಗಿಲ್ಲ. ಬಿಸ್ಬಿಗೆ ಹೋಗಲು ಸಮಯವೇ ಇಲ್ಲ ಅನ್ನುವವರಿಗೆ ಇದು. ಟೂಮ್‌ಸ್ಟೋನ್‌ನ ಗಣಿಗಳಿಗೆ 1881ರಲ್ಲೇ ನೀರು ಸಿಕ್ಕಿತ್ತು. ದೊಡ್ಡ ದೊಡ್ಡ ಪಂಪು ಹಾಕಿದರು. 1886ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಗಣಿಯ ಪಂಪಿಗೆ ಬೆಂಕಿ ಬಿದ್ದ ಮೇಲೆ ಊರಿನ ಉಸಿರೇ ನಿಂತಂತಾಯಿತು. ಗಣಿಗೆ ನೀರು ತುಂಬುವುದು ಅಂದರೆ ಏನು ಅಂತ ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ಅಲ್ಲೂ ಆದದ್ದು ಅದೇ.

ಬಿಸ್ಬಿಯದು ತಾಮ್ರ. ಕಣಿವೆಯ ಎರಡೂ ಗೋಡೆಗೆ ಮನೆಗಳು ಅಂಟಿಕೊಂಡ ಹಾಗೆ ಕೂತಿವೆ. ಬೀದಿಗಿಂತ ಮೆಟ್ಟಿಲೇ ಜಾಸ್ತಿ. 1880ರಿಂದ 1970ರ ದಶಕದ ತನಕ ತಾಮ್ರ ತೆಗೆದರು. ಗಣಿ ನಿಂತ ಮೇಲೆ ಊರು ಖಾಲಿಯಾಗಬೇಕಿತ್ತು. ಊರಿನವರೇ ಸೇರಿ ಕ್ವೀನ್ ಗಣಿಯನ್ನು ಗುಡಿಸಿ, ಮರದ ಆಧಾರ ಸರಿಮಾಡಿ, 1976ರಲ್ಲಿ ಪ್ರವಾಸಿಗರಿಗೆ ತೆರೆದರು.

ಒಳಗೆ ಹೋಗುವ ಮೊದಲು ಹಳದಿ ಕೋಟು, ಗಟ್ಟಿ ಟೋಪಿ, ದೀಪ ಕೊಡುತ್ತಾರೆ. ಜೊತೆಗೆ ನಂಬರ್ ಇರುವ ಒಂದು ಹಿತ್ತಾಳೆ ಬಿಲ್ಲೆ. ಹಿಂದೆ ಗಣಿಗಾರನೂ ಹೀಗೇ ಬಿಲ್ಲೆ ಹಿಡಿದು ಇಳಿಯುತ್ತಿದ್ದ. ಪಾಳಿ ಮುಗಿದ ಮೇಲೆ ಬಿಲ್ಲೆ ಹಲಗೆಗೆ ವಾಪಸ್ ಬರದಿದ್ದರೆ ಯಾರೋ ಒಳಗೇ ಉಳಿದಿದ್ದಾರೆ ಅಂತ ಅರ್ಥ. ಅಮ್ಮ ಆ ಬಿಲ್ಲೆಯನ್ನು ಇಡೀ ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದರು. ಹೊರಗೆ ಬಂದು ಕೊಡುವಾಗ ಅದು ಬೆಚ್ಚಗಾಗಿತ್ತು.

ಒಂದು ಮುಖ್ಯವಾದ ಮಾತು. ಗಣಿಯ ರೈಲಿನಲ್ಲಿ ಸೀಟು ಇಲ್ಲ. ಉದ್ದನೆಯ ಬೆಂಚಿನ ಮೇಲೆ ಎರಡೂ ಕಡೆ ಕಾಲು ಹಾಕಿ, ಬೈಕ್ ಮೇಲೆ ಕೂತ ಹಾಗೆ, ಒಬ್ಬರ ಹಿಂದೆ ಒಬ್ಬರು ಕೂರಬೇಕು. ಅಮ್ಮ ಸೀರೆಯಲ್ಲಿದ್ದರು. ಸೆರಗು ಸಿಕ್ಕಿಸಿ, ನೆರಿಗೆ ಮೇಲೆತ್ತಿ, ಹಳದಿ ಕೋಟು ಹೊದಿಸಿ ಹೇಗೋ ಹತ್ತಿಸಿದೆವು. ನೀವು ಮೊದಲೇ ಸಲ್ವಾರ್ ಹಾಕಿಸಿಕೊಂಡು ಹೋಗಿ. ಸ್ವೆಟರ್ ಕೂಡ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ವರ್ಷವಿಡೀ 8 ಡಿಗ್ರಿ ಸೆಲ್ಸಿಯಸ್ ಆಸುಪಾಸು. ರೈಲು ಬೆಟ್ಟದೊಳಗೆ ಸುಮಾರು 450 ಮೀಟರ್ ಹೋಗುತ್ತದೆ. ಎಲ್ಲ ಸೇರಿ ಒಂದೂಕಾಲು ಗಂಟೆ.

ಈ ಚಳಿಯೇ ಅಪ್ಪನಿಗೆ ಅಚ್ಚರಿ. ಅವರ ಸ್ನೇಹಿತರೊಬ್ಬರು ಕೆಜಿಎಫ್‌ನಲ್ಲಿ ದುಡಿದವರು. ಅಲ್ಲಿ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿದರೆ ಬಂಡೆಯೇ ಸುಡುತ್ತಿತ್ತು, ಗಾಳಿ ತಣ್ಣಗೆ ಮಾಡಿ ಕಳಿಸಬೇಕಿತ್ತು. ಇಲ್ಲಿ ರೈಲು ಕೆಳಕ್ಕೆ ಹೋಗುವುದಿಲ್ಲ, ಅಡ್ಡಕ್ಕೆ ಹೋಗುತ್ತದೆ. ಆದರೆ ಗೈಡ್ ಒಣ ಡ್ರಿಲ್ ತೋರಿಸಿ, ಇದರ ಧೂಳು ಕುಡಿದು ಎಷ್ಟು ಜನರ ಶ್ವಾಸಕೋಶ ಕಲ್ಲಾಯಿತು ಅಂತ ಹೇಳಿದಾಗ ಅಪ್ಪ ತಲೆ ಆಡಿಸಿದರು. ಆ ಕತೆ ಅವರಿಗೆ ಗೊತ್ತಿದ್ದದ್ದೇ. ಆಮೇಲೆ ಗೈಡ್ ಹಳಿ ಮೇಲೆ ಓಡುವ ಶೌಚದ ಗಾಡಿ ತೋರಿಸಿದ. ಎಲ್ಲರೂ ನಕ್ಕರು.

ಮುಚ್ಚಿದ ಜಾಗ ಅಂದರೆ ಉಸಿರು ಕಟ್ಟುವವರು ಒಳಗೆ ಹೋಗಬೇಡಿ. ತೀರಾ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಹೊರಗೆ ಉಳಿದವರಿಗೆ ಎದುರಿನ ಮೈನಿಂಗ್ ಮ್ಯೂಸಿಯಂ ಇದೆ, 1897ರಲ್ಲಿ ಕಂಪನಿಯ ಕಚೇರಿಯಾಗಿ ಕಟ್ಟಿದ್ದು. ಅಲ್ಲಿ ಒಂದು ವಿಷಯ ತಪ್ಪದೆ ಓದಿ. 1917ರ ಜುಲೈ 12ರಂದು ಮುಷ್ಕರ ಹೂಡಿದ್ದ ಸುಮಾರು 1,200 ಜನರನ್ನು ಬಂದೂಕು ತೋರಿಸಿ ಒಟ್ಟುಗೂಡಿಸಿ, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ, ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಇಳಿಸಿ ಬಂದರು. ಟೂಮ್‌ಸ್ಟೋನ್‌ನಲ್ಲಿ ಮೂವರು ಸತ್ತದ್ದಕ್ಕೆ ದಿನಾ ನಾಟಕ ನಡೆಯುತ್ತದೆ. ಈ ಘಟನೆಯ ಹೆಸರು ಎಷ್ಟು ಜನ ಕೇಳಿದ್ದಾರೆ?

ಹೊರಡುವಾಗ ಲ್ಯಾವೆಂಡರ್ ಪಿಟ್ ಹತ್ತಿರ ಐದು ನಿಮಿಷ ನಿಲ್ಲಿಸಿ. ಹೆದ್ದಾರಿ ಪಕ್ಕದಲ್ಲೇ, ಪುಕ್ಕಟೆ. 270 ಮೀಟರ್‌ಗೂ ಹೆಚ್ಚು ಆಳದ ಹೊಂಡ. ಬಣ್ಣ ನೇರಳೆ ಇರುತ್ತದೆ ಅಂದುಕೊಂಡು ಹೋಗಬೇಡಿ. ಲ್ಯಾವೆಂಡರ್ ಅನ್ನುವುದು ಗಣಿಯ ಒಬ್ಬ ಅಧಿಕಾರಿಯ ಹೆಸರು.

ಗಣಿ ಬೇಡವೆಂದರೆ ಗುಹೆ

ಬೆನ್ಸನ್ ಹತ್ತಿರ ಕಾರ್ಚ್ನರ್ ಗುಹೆಗಳಿವೆ. 1974ರಲ್ಲಿ ಇಬ್ಬರು ಯುವಕರು ಕಂಡುಹಿಡಿದರು. ಹಾಳಾಗಬಾರದು ಅಂತ ವರ್ಷಗಟ್ಟಲೆ ಬಾಯಿ ಬಿಡಲಿಲ್ಲ. ಜನರಿಗೆ ತೆರೆದದ್ದು 1999ರಲ್ಲಿ. ನೀರು ತೊಟ್ಟಿಕ್ಕಿ ಬೆಳೆದ 58 ಅಡಿಯ ಕಂಬವೊಂದು ಇದೆ. ಒಳಗೆ ಬೆಚ್ಚಗೆ, ತೇವ, ದಾರಿ ಸಮತಟ್ಟು. ಗಾಲಿಕುರ್ಚಿಯೂ ಹೋಗುವ ಟೂರ್ ಇದೆ. ಮಂಡಿ ನೋವಿನವರು ಜೊತೆಗಿದ್ದರೆ ಗಣಿಗಿಂತ ಇದೇ ವಾಸಿ. ಎರಡು ಕಿರಿಕಿರಿ: ಮೊಬೈಲ್, ಕ್ಯಾಮೆರಾ, ಬ್ಯಾಗು ಏನೂ ಒಯ್ಯುವಂತಿಲ್ಲ. ಮತ್ತೆ ‘ಬಿಗ್ ರೂಮ್’ ಅನ್ನುವ ಭಾಗವನ್ನು ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ, ಬಾವಲಿಗಳ ಬಾಣಂತನಕ್ಕೆ. ಮುಂಚೆಯೇ ಬುಕ್ ಮಾಡಿ. ಗಣಿ, ಗುಹೆ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಎರಡನೆಯದರಲ್ಲಿ ಯಾರಿಗೂ ಗಮನ ಇರುವುದಿಲ್ಲ.

ದನದ ಕಡೆಯ ಕತೆ ಬೇಕಾದರೆ

ಟೂಮ್‌ಸ್ಟೋನ್‌ನಲ್ಲಿ ದನ ಕಾಣಿಸುವುದಿಲ್ಲ, ಕೌಬಾಯ್ ಮಾತ್ರ. ಹುಲ್ಲುಗಾವಲು ನೋಡಬೇಕೆಂದರೆ ಸೊನೊಯ್ಟಾ ಕಡೆ ಎಂಪೈರ್ ರ‍್ಯಾಂಚ್‌ಗೆ ಹೋಗಿ. 1876ರಲ್ಲಿ ವಾಲ್ಟರ್ ವೇಲ್ 160 ಎಕರೆ ಕೊಂಡು ಶುರು ಮಾಡಿದ. ಕೊನೆಗೆ ಅದು ಹತ್ತಿರಹತ್ತಿರ ಹತ್ತು ಲಕ್ಷ ಎಕರೆಗೆ ಹರಡಿತು. ದನದ ದುಡ್ಡಿಗೆ ಬೆಳ್ಳಿ ಗಣಿಯ ದುಡ್ಡೂ ಸೇರಿತ್ತು. ಹಸಿ ಇಟ್ಟಿಗೆಯ ದೊಡ್ಡ ಮನೆ ಈಗಲೂ ನಿಂತಿದೆ, ನಮ್ಮ ತೊಟ್ಟಿಮನೆಯ ಗೋಡೆಯಷ್ಟೇ ದಪ್ಪ ಗೋಡೆ. ಸುತ್ತ ಕಣ್ಣು ಹಾಯುವ ತನಕ ಹುಲ್ಲು. ಟೂಸಾನ್‌ಗೆ ವಾಪಸ್ ಹೋಗುವ ದಾರಿಯಲ್ಲೇ ಮುಗಿಸಬಹುದು.

ಇದಕ್ಕೆ ಎದುರಾಗಿ ಚಿರಿಕಾವಾ ಅನ್ನುವ ರಾಷ್ಟ್ರೀಯ ಸ್ಮಾರಕ. ಟೂಮ್‌ಸ್ಟೋನ್‌ನಿಂದ ಒಂದೂವರೆ ಗಂಟೆ, ಬೇರೆಯೇ ದಿಕ್ಕು. ಹಾಗಾಗಿ ಇದಕ್ಕೆ ಇನ್ನೊಂದು ದಿನವೇ ಬೇಕು. 2.7 ಕೋಟಿ ವರ್ಷದ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ, ಸೀಳಿ, ಸವೆದು, ಸಾವಿರಾರು ಕಲ್ಲು ಕಂಬಗಳಾಗಿ ನಿಂತಿವೆ. ಹಂಪಿಯ ಬಂಡೆಗಳನ್ನು ಉದ್ದಕ್ಕೆ ಎಳೆದು ನಿಲ್ಲಿಸಿದ ಹಾಗೆ. ಕಾರಿನಲ್ಲೇ 13 ಕಿಲೋಮೀಟರ್ ಹತ್ತಿ ಮಸಾಯ್ ಪಾಯಿಂಟ್ ತನಕ ಹೋಗಬಹುದು. ಪ್ರವೇಶ ಶುಲ್ಕವಿಲ್ಲ. ಒಳಗೆ ಪೆಟ್ರೋಲ್ ಸಿಗುವುದಿಲ್ಲ, ವಿಲ್‌ಕಾಕ್ಸ್‌ನಲ್ಲೇ ತುಂಬಿಸಿ. ಕೆಳಗೆ ಫಾರ್‌ಅವೇ ರ‍್ಯಾಂಚ್ ಮನೆ. ಸ್ವೀಡನ್‌ನಿಂದ ಬಂದ ಎರಿಕ್ಸನ್ ದಂಪತಿ 1888ರಲ್ಲಿ ನೆಲೆನಿಂತ ಜಾಗ. ಮಗಳು ಲಿಲಿಯನ್ ಅದನ್ನು ಅತಿಥಿಗಳ ಮನೆಯಾಗಿ ಮಾಡಿ ದಶಕಗಟ್ಟಲೆ ನಡೆಸಿದಳು. ನಮ್ಮ ಕೊಡಗಿನ ಹೋಮ್‌ಸ್ಟೇಗಳ ಅಕ್ಕ ಅನ್ನಿ.

ಸುಮ್ನೆ ಡ್ರೈವ್ ಸಾಕು ಅನ್ನುವವರಿಗೆ ಎಂಪೈರ್. ನಡೆಯುವ ಶಕ್ತಿ ಇದ್ದವರಿಗೆ ಚಿರಿಕಾವಾ. ನನಗೆ ಒಂದನ್ನೇ ಆರಿಸು ಅಂದರೆ ಚಿರಿಕಾವಾ, ಎರಡು ಸಲ ಯೋಚಿಸುವುದಿಲ್ಲ.

ಚಳಿಗಾಲದಲ್ಲಿ ಹೋದರೆ ಮೆಕ್‌ನೀಲ್ ಹತ್ತಿರದ ವೈಟ್‌ವಾಟರ್ ಡ್ರಾ ಅನ್ನುವ ಜೌಗು ಜಾಗಕ್ಕೆ ಹೋಗಿ. ಸಾವಿರಾರು ಕ್ರೇನ್ ಹಕ್ಕಿಗಳು ಬೆಳಗ್ಗೆ ಹೊಲಕ್ಕೆ ಹಾರಿ ಹೋಗಿ, ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದು ನೀರಿಗಿಳಿಯುತ್ತವೆ. ದೂರದಿಂದಲೇ ಗದ್ದಲ ಕೇಳಿಸುತ್ತದೆ. ಟೂಮ್‌ಸ್ಟೋನ್‌ನಿಂದ ಸೊನೊಯ್ಟಾ ಕಡೆ ಹೋಗುವುದಾದರೆ ಫೇರ್‌ಬ್ಯಾಂಕ್ ಅನ್ನುವ ಖಾಲಿ ಊರು ದಾರಿಯಲ್ಲೇ ಸಿಗುತ್ತದೆ. ಹಳೇ ಶಾಲೆ, ನಾಲ್ಕಾರು ಮನೆ, ಸ್ಯಾನ್ ಪೆಡ್ರೊ ನದಿಯ ಮರದ ನೆರಳು. ಬುತ್ತಿ ಬಿಚ್ಚಲು ಒಳ್ಳೆಯ ಜಾಗ.

ಹೊರಡುವ ಮುಂಚೆ

ಬುತ್ತಿ ಅಂದೆನಲ್ಲ, ಅದನ್ನು ಮರೆಯಬೇಡಿ. ಟೂಮ್‌ಸ್ಟೋನ್‌ನಲ್ಲಿ ಸಸ್ಯಾಹಾರಿಗಳಿಗೆ ಚಿಪ್ಸ್, ಚೀಸ್, ಬೀನ್ಸ್ ಬಿಟ್ಟರೆ ಕಷ್ಟ. ಬೀನ್ಸ್‌ಗೂ ಕೆಲವು ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತಿನ್ನಿ. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದೆವು. ಬಿಸ್ಬಿಯಲ್ಲಿ ಊಟದ ಆಯ್ಕೆ ಜಾಸ್ತಿ. ರಾತ್ರಿ ಉಳಿಯುವುದಾದರೂ ಅಲ್ಲೇ ಉಳಿಯಿರಿ. ಆದರೆ ರೂಮು ಬುಕ್ ಮಾಡುವಾಗ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಕೇಳಿ. ನಾವು ಕೇಳಲಿಲ್ಲ. ಎಪ್ಪತ್ತೆರಡು ಇತ್ತು, ಕೈಯಲ್ಲಿ ಮೂರು ಸೂಟ್‌ಕೇಸ್.

ಅಕ್ಟೋಬರ್‌ನಿಂದ ಏಪ್ರಿಲ್ ತನಕ ಒಳ್ಳೆಯ ಕಾಲ. ಎತ್ತರದ ಜಾಗ ಆದ್ದರಿಂದ ಬೇಸಿಗೆಯಲ್ಲೂ ಫೀನಿಕ್ಸ್‌ಗಿಂತ ತಂಪು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ದಿಢೀರ್ ಮಳೆ. ಇಲ್ಲಿನವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದರೆ ಕಾರು ಇಳಿಸಬೇಡಿ.

ಕೊನೆಯದಾಗಿ ಕಾಗದಪತ್ರ. ಮೆಕ್ಸಿಕೋ ಗಡಿ ಹತ್ತಿರ. ಟೂಮ್‌ಸ್ಟೋನ್‌ನಿಂದ ಉತ್ತರಕ್ಕೆ ವಾಪಸ್ ಬರುವಾಗ ಹೆದ್ದಾರಿಯಲ್ಲೇ ಗಡಿ ಪೊಲೀಸರ ತಪಾಸಣೆ ಇರುತ್ತದೆ. ಊರಿಂದ ಬಂದವರ ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕದೊಳಗೆ ಬಂದ ದಾಖಲೆ) ಪ್ರತಿ ಕೈಯಲ್ಲೇ ಇರಲಿ. ಅಮ್ಮನ ಪಾಸ್‌ಪೋರ್ಟ್ ಡಿಕ್ಕಿಯಲ್ಲಿ, ಪುಳಿಯೋಗರೆ ಡಬ್ಬಿಯ ಕೆಳಗಿತ್ತು. ತೆಗೆದು ಕೊಟ್ಟಾಗ ಆ ಪೊಲೀಸ್ ಮೂಸಿ ನೋಡಿ, ಇದೇನು ಇಷ್ಟು ಘಮಘಮ ಅಂತ ಕೇಳಿದ.